ಅಯ್ಯನವರು ಮರೆತ ಮಾತುಗಳು

ಮೂರು ವರ್ಷದಿಂದ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ನಮ್ಮನ್ನು ಅಯ್ಯನವರು ಒಂದು ಭಾನುವಾರ, ನೀವು ಯಾವ ಊರಿನವರು, ಪ್ರವಾಸಕ್ಕೆ ಬಂದಿದ್ದೀರಾ ಎಂದು ಕೇಳಿದರು.

ಆರಾಧನೆಯ ನಡುವೆ ಒಬ್ಬರಿಗೊಬ್ಬರು ಕೈಕೊಟ್ಟು ಸಮಾಧಾನ ಹೇಳಿಕೊಳ್ಳುವ ಹೊತ್ತು ಅದು. ಬೇರೆ ಭಾನುವಾರಗಳಲ್ಲಿ ಅವರು ನಮ್ಮ ಬೆಂಚಿನ ತನಕ ನಡೆದು ಬಂದು, ನಾನು ಕಲಿಸಿಕೊಟ್ಟಿದ್ದ 'ಸಮಾಧಾನ' ಎಂಬ ಕನ್ನಡ ಶಬ್ದವನ್ನು ತಮ್ಮ ದಪ್ಪ ದನಿಯಲ್ಲಿ ಹೇಳಿ, ಸರಿಯಾಗಿ ಹೇಳಿದೆನೇ ಎನ್ನುವಂತೆ ಹುಬ್ಬು ಏರಿಸುತ್ತಿದ್ದರು. ಆ ದಿನ ನನ್ನ ಕೈ ಹಿಡಿದು, ಹೊಸಬರನ್ನು ನೋಡುವ ವಿನಯದಿಂದ ನೋಡಿದರು. ಹಿಂದಿನ ಬೆಂಚಿನವರು ತಮಾಷೆಯೆಂದುಕೊಂಡು ನಕ್ಕರು. ಅವರೂ ನಕ್ಕರು. ಆದರೆ ನಗುವ ಮುಂಚೆ ಅವರ ಕಣ್ಣು ಎರಡು ಕ್ಷಣ ನಮ್ಮ ಮೂವರ ಮುಖದ ಮೇಲೆ ಹುಡುಕಾಡಿದ್ದನ್ನು ನಾನು ನೋಡಿದೆ. ಕಾರಿನಲ್ಲಿ ಕೂತ ಮೇಲೆ ಮಗಳು, "ಅಮ್ಮಾ, ಹಿ ಡಸಂಟ್ ನೋ ಅಸ್," ಎಂದಳು. ವಯಸ್ಸಾಗಿದೆಯಲ್ಲ, ದಣಿದಿರುತ್ತಾರೆ ಎಂದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ನಾನು ನರ್ಸ್. ಗದಗ-ಬೆಟಗೇರಿಯಲ್ಲಿ ಕಲಿತವಳು. ಭೂಮಿಯ ದಕ್ಷಿಣ ತುದಿಯ ಈ ದೇಶದಲ್ಲಿ, ಪಾಪಕುರಾ ಎಂಬ ಪಟ್ಟಣದಿಂದ ದಕ್ಷಿಣಕ್ಕೆ ಮುಕ್ಕಾಲು ಗಂಟೆ ದೂರದ ಈ ಸಣ್ಣ ಪೇಟೆಯ ರೆಸ್ಟ್ ಹೋಮಿನಲ್ಲಿ, ಅಂದರೆ ವಯಸ್ಸಾದವರು ಬಂದು ಇರುವ ಮನೆಯಲ್ಲಿ, ಕೆಲಸ ಸಿಕ್ಕಿದಾಗ ನಾವು ಇಲ್ಲಿಗೆ ಬಂದೆವು. ಗಂಡ ದಿನಾ ಬೆಳಗ್ಗೆ ಪಾಪಕುರಾಕ್ಕೆ ಕಾರಿನಲ್ಲಿ ಹೋಗಿ, ಅಲ್ಲಿಂದ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಪೇಟೆಯಲ್ಲಿ ಒಂದು ಉದ್ದನೆಯ ಬೀದಿ, ಅದರ ಒಂದು ಕೊನೆಗೆ ರೈಲು ಹಳಿ, ಇನ್ನೊಂದು ಕೊನೆಗೆ ಬಿಳಿ ಬಣ್ಣದ ಮರದ ಆಂಗ್ಲಿಕನ್ ದೇವಾಲಯ. ಭಾನುವಾರ ಮೂವತ್ತು ಜನ ಬಂದರೆ ಹೆಚ್ಚು. ನಮ್ಮ ಮಗಳನ್ನು ಬಿಟ್ಟರೆ ಉಳಿದವರೆಲ್ಲ ಬಹುಪಾಲು ಅರವತ್ತು ದಾಟಿದವರು. ಅವರು ತಮ್ಮ ಪಾದ್ರಿಯನ್ನು ವಿಕಾರ್ ಎನ್ನುತ್ತಿದ್ದರು, ಹೆಸರು ಹಿಡಿದೂ ಕರೆಯುತ್ತಿದ್ದರು. ನನ್ನ ಬಾಯಿಗೆ ಹೆಸರು ಬರಲೇ ಇಲ್ಲ. ಮನೆಯಲ್ಲಿ ನಾವು ಊರಿನ ರೂಢಿಯಂತೆ ಅಯ್ಯನವರು ಎಂದೇ ಕರೆಯುತ್ತಿದ್ದೆವು.

ಎತ್ತರದ ಆಳು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ನಾವು ಬಂದ ವಾರವೇ ಮನೆಗೆ ಬಂದು, ಹೀಟರ್ ಹೊತ್ತಿಸುವುದು ಹೇಗೆಂದು ನೆಲದ ಮೇಲೆ ಮೊಣಕಾಲೂರಿ ತೋರಿಸಿಕೊಟ್ಟಿದ್ದರು. ಪೇಟೆಯಲ್ಲಿ ದೇವಾಲಯದ ಬಾಗಿಲು ತುಳಿಯದವರ ಮನೆಯಲ್ಲೂ ಕಾಯಿಲೆ ಬಿದ್ದರೆ ಮೊದಲು ಬಾಗಿಲು ಬಡಿಯುವವರು ಅವರೇ.

ಆ ಚಳಿಗಾಲದಲ್ಲಿ ನಾನು ಭಾನುವಾರಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಒಂದು ವಾರ, ಸಭೆಯೆಲ್ಲ ಒಟ್ಟಿಗೆ ಹೇಳುವ ವಿಶ್ವಾಸ ಪ್ರಮಾಣವನ್ನು ಎರಡು ಸಲ ಹೇಳಿಸಿದರು. ಇನ್ನೊಂದು ವಾರ ರೊಟ್ಟಿಯನ್ನು ಎತ್ತಿ ಹಿಡಿದವರು ಹಾಗೆಯೇ ನಿಂತುಬಿಟ್ಟರು. ಮುಂದಿನ ಮಾತು ಬರಲಿಲ್ಲ. ಆಗ ಆರ್ಗನ್ನಿನ ದನಿ ಮೆಲ್ಲಗೆ ಎದ್ದಿತು. ಆರ್ಗನ್ ನುಡಿಸುವವರು ಹಸು ಸಾಕಿ ನಿವೃತ್ತರಾಗಿದ್ದ ಮುದುಕರು. ಅಲ್ಲಿ ಸಂಗೀತ ಇರಬೇಕಾಗಿಯೇ ಇರಲಿಲ್ಲ. ಅವರು ನುಡಿಸುತ್ತಲೇ ಇದ್ದರು. ಮುಂದಿನ ಬೆಂಚಿನಲ್ಲಿದ್ದ ಸಭೆಯ ಹಿರಿಯರು, ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದ ಹೆಂಗಸು, ಎದ್ದು ಹೋಗಿ ಪುಸ್ತಕದಲ್ಲಿ ಬೆರಳಿಟ್ಟು ತೋರಿಸಿ ಬಂದರು. ಪ್ರಾರ್ಥನೆ ಮುಂದುವರಿಯಿತು.

ಮುಂದಿನ ವಾರದಿಂದ ಪೀಠದ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿದ ಹಾಳೆಗಳು ಬಂದವು. ಎಲ್ಲಿ ಕೈ ಎತ್ತಬೇಕು, ಎಲ್ಲಿ ನಿಲ್ಲಬೇಕು ಎಂಬುದೂ ಕೆಂಪಿನಲ್ಲಿತ್ತು. ಆರಾಧನೆ ಮುಗಿದ ಮೇಲೆ ಪಕ್ಕದ ಸಭಾಂಗಣದಲ್ಲಿ ಚಹಾ ಕುಡಿಯುತ್ತ ಎಲ್ಲರೂ ಹಸುಗಳ ವಿಷಯ, ಮೊಮ್ಮಕ್ಕಳ ವಿಷಯ, ಬೀದಿ ಕೊನೆಯ ಡೇರಿ ಅಂಗಡಿ ಮಾರಾಟಕ್ಕಿದೆ ಎನ್ನುವ ವಿಷಯ ಮಾತಾಡಿದರು. ಆ ಹಾಳೆಗಳ ಬಗ್ಗೆ ಒಂದು ಮಾತೂ ಇಲ್ಲ. ಇವರೆಲ್ಲ ಸೇರಿ ತೀರ್ಮಾನಿಸಿಕೊಂಡಿದ್ದಾರೆ ಎಂದು ಮೊದಲು ಅನ್ನಿಸಿತು. ಆಮೇಲೆ ತಿಳಿಯಿತು, ಯಾರೂ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಕೈಲಾದದ್ದನ್ನು ತಾವೇ ಮಾಡುತ್ತಿದ್ದರು.

ಕೆಲವೇ ದಿನಗಳಲ್ಲಿ ನನಗೂ ಒಂದು ಕೆಲಸ ಬಂತು. ದ್ರಾಕ್ಷಾರಸದ ಪಾತ್ರೆ ಹಿಡಿದು ಅಯ್ಯನವರ ಪಕ್ಕದಲ್ಲಿ ನಿಲ್ಲುವುದು. ನೀವು ನರ್ಸ್, ನಿಮ್ಮ ಕೈ ನಡುಗುವುದಿಲ್ಲ ಎಂದು ಪುಸ್ತಕದಲ್ಲಿ ಬೆರಳಿಟ್ಟ ಆ ಹಿರಿಯರು ಹೇಳಿದರು. ಯಾಕೆ ನನ್ನನ್ನೇ ಆರಿಸಿದರೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಮೊದಲ ಭಾನುವಾರವೇ ಅವರ ಮಾತು ನಿಂತಾಗ ನಾನು ತಲೆ ಬಗ್ಗಿಸಿಕೊಂಡೇ ಮುಂದಿನ ಎರಡು ಶಬ್ದ ಪಿಸುಗುಟ್ಟಿದೆ. ಅವರು ಅದನ್ನು ಹಿಡಿದುಕೊಂಡು ಪೂರ್ತಿ ವಾಕ್ಯ ಹೇಳಿದರು. ಆ ದಪ್ಪ ದನಿಯಲ್ಲಿ ಯಾವ ಕೊರತೆಯೂ ಕೇಳಿಸಲಿಲ್ಲ. ಮುಂದೆ ಇದೇ ಅಭ್ಯಾಸವಾಯಿತು. ನಾನು ಪಿಸುಗುಟ್ಟುವುದು, ಅವರು ಹೇಳುವುದು. ನಿಜ ಹೇಳಬೇಕೆಂದರೆ ನನಗೆ ಅದರಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತು. ಇಷ್ಟು ದಿನ ಬೆಂಚಿನ ಕೊನೆಯಲ್ಲಿ ಕೂತವಳು ಈಗ ಪೀಠದ ಬಳಿ ನಿಂತಿದ್ದೆ.

ಅದೇ ವಾರಗಳಲ್ಲಿ ಕೆಲಸದಲ್ಲಿ ನಾನು ಹೊಸದಾಗಿ ಬಂದವರ ಮರೆವು ಎಷ್ಟೆಂದು ತಿಳಿಯಲು ಅವರಿಗೆ ಕಾಗದ ಕೊಟ್ಟು, ಒಂದು ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದು ಕೇಳುತ್ತಿದ್ದೆ. ಅಂಕಿಗಳೆಲ್ಲ ಒಂದೇ ಕಡೆ ಗುಂಪಾಗಿ ಬಿದ್ದ ಗಡಿಯಾರಗಳನ್ನು ಫೈಲಿನಲ್ಲಿ ಇಡುತ್ತಿದ್ದೆ. ಅಯ್ಯನವರು ಬರೆದರೆ ಅದು ಹೇಗಿರುತ್ತದೆಂದು ನನಗೆ ಗೊತ್ತಿತ್ತು.

ಗಂಡನಿಗೆ ಹೇಳಿದೆ. ಅವರು, "ನಿನಗ ಗೊತ್ತಾಗೇತಿ ಅಂದಮ್ಯಾಲ ನೀ ಹೇಳಬೇಕು," ಎಂದರು.

"ಯಾರಿಗಂತ ಹೇಳ್ಲಿ? ಅವರ ಊರು, ಅವರ ಅಯ್ಯನವರು. ನಾವು ನಿನ್ನೆ ಮೊನ್ನೆ ಬಂದವರು."

"ಹಂಗಾರ ನಾಳೆ ಏನಾರ ಆದ್ರ, ಅದು ಯಾರದು?"

ಬೆಟಗೇರಿಯಲ್ಲಿ ನಮ್ಮಪ್ಪ ಸಭೆಯ ಹಿರಿಯರಲ್ಲಿ ಒಬ್ಬರಾಗಿದ್ದರು. ಅಲ್ಲಿನ ಅಯ್ಯನವರ ಮುಂದೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದವರು. ಅಂಥ ಮನೆಯಲ್ಲಿ ಬೆಳೆದ ನನ್ನ ನಾಲಿಗೆ ಏಳಲಿಲ್ಲ ಎನ್ನಬಹುದು. ಆದರೆ ಅದು ಪೂರ್ತಿ ನಿಜವಲ್ಲ. ಎಲ್ಲರೂ ಹಿಡಿದು ನಿಲ್ಲಿಸಿದ್ದನ್ನು ಬೀಳಿಸಿದವಳು ಹೊರಗಿನಿಂದ ಬಂದ ಆ ನರ್ಸ್ ಎನ್ನಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ವಸಂತದಲ್ಲಿ ಒಬ್ಬ ರೈತರು ತೀರಿಕೊಂಡರು. ಐವತ್ತು ವರ್ಷ ಹೆಂಡತಿಯೊಂದಿಗೆ ನಮ್ಮ ಮುಂದಿನ ಬೆಂಚಿನಲ್ಲೇ ಕೂತವರು. ದೇವಾಲಯದೊಳಗಿನ ಪ್ರಾರ್ಥನೆ ಹಾಳೆಯ ಮೇಲಿತ್ತು, ಸರಿಯಾಗಿಯೇ ಮುಗಿಯಿತು. ಸ್ಮಶಾನದಲ್ಲಿ ಗಾಳಿ ಜೋರಾಗಿತ್ತು. ಗುಂಡಿಯ ಪಕ್ಕ ನಿಂತು ಅಯ್ಯನವರು ಹಾಳೆ ತೆರೆದರು. ಗಾಳಿ ಅದನ್ನು ಮಡಚಿತು. ಅವರು ಅದನ್ನು ಜೇಬಿಗೆ ಹಾಕಿಕೊಂಡು, ಬಾಯಿಪಾಠವಾಗಿದ್ದ ಮಾತುಗಳನ್ನೇ ಹೇಳತೊಡಗಿದರು. ಮಣ್ಣಿಗೆ ಮಣ್ಣು, ಬೂದಿಗೆ ಬೂದಿ. ನಾವು ಮಣ್ಣಿಗೆ ಒಪ್ಪಿಸುತ್ತಿರುವ ನಮ್ಮ ಸಹೋದರಿ ಎಂದು ಹೇಳಿ, ಸತ್ತವರ ಹೆಸರಿನ ಜಾಗದಲ್ಲಿ ಅವರ ಹೆಂಡತಿಯ ಹೆಸರು ಹಿಡಿದರು.

ಆಕೆ ನನ್ನ ಪಕ್ಕದಲ್ಲೇ ನಿಂತಿದ್ದರು. ನನ್ನ ಮಣಿಕಟ್ಟನ್ನು ಹಿಡಿದುಕೊಂಡರು, ಉಗುರು ಊರುವಷ್ಟು ಬಿಗಿಯಾಗಿ. ಅಯ್ಯನವರು ಮತ್ತೆ ಅದೇ ಹೆಸರು ಹೇಳಿದರು. ಹಿರಿಯರು ಒಂದು ಹೆಜ್ಜೆ ಮುಂದೆ ಇಟ್ಟವರು ಅಲ್ಲೇ ನಿಂತರು. ನಾನು ಗುಂಡಿಯ ಈ ಕಡೆ ಇದ್ದೆ, ಪಿಸುಗುಟ್ಟಿದರೆ ಕೇಳಿಸದಷ್ಟು ದೂರ. ಮೂರನೆಯ ಸಲ ಆ ಹೆಸರು ಹೇಳುತ್ತ ಒಂದು ಹಿಡಿ ಮಣ್ಣು ಹಾಕಿದರು. ಅದು ಪೆಟ್ಟಿಗೆಯ ಮೇಲೆ ಬಿದ್ದ ಸದ್ದು ಕೇಳಿಸಿತು. ಅಲ್ಲಿದ್ದ ನಾವೆಲ್ಲರೂ ಆಮೆನ್ ಎಂದೆವು. ಆಕೆಯೂ ಅಂದರು.

ಹಿಂದಿರುಗುವಾಗ ಆಕೆ, ಪರವಾಗಿಲ್ಲ ಬಿಡಮ್ಮ, ಇವತ್ತಲ್ಲದಿದ್ದರೆ ಇನ್ನೊಂದು ದಿನ ಅವರು ಹೇಳಿದ್ದು ಸರಿಯೇ ಆಗುತ್ತದೆ ಎಂದು ಕಣ್ಣೊರೆಸಿಕೊಂಡು ನಕ್ಕರು. ಮನೆಗೆ ಬಂದು ಮಣಿಕಟ್ಟು ನೋಡಿಕೊಂಡೆ. ನಾಲ್ಕು ಉಗುರಿನ ಗುರುತು ಕೆಂಪಾಗಿ ಎದ್ದಿತ್ತು. ಅಂದೂ ನಾನು ಯಾರಿಗೂ ಫೋನ್ ಮಾಡಲಿಲ್ಲ.

ಸಭೆಗೆ ಒಂದು ಹಳೆಯ ವ್ಯಾನು ಇತ್ತು. ಬುಧವಾರಗಳಂದು ವಯಸ್ಸಾದವರನ್ನು ಅದರಲ್ಲಿ ಅಕ್ಕಪಕ್ಕದ ಊರುಗಳ ಸಭೆಗಳಿಗೋ ಸಮುದ್ರದ ಕಡೆಗೋ ಕರೆದುಕೊಂಡು ಹೋಗುತ್ತಿದ್ದರು. ಆ ರೈತರನ್ನು ಹೂಳಿದ ದಿನದ ನಂತರ ಹಿರಿಯರು ಸದ್ದಿಲ್ಲದೆ ಒಂದು ವ್ಯವಸ್ಥೆ ಮಾಡಿದ್ದರು. ವ್ಯಾನನ್ನು ಆರ್ಗನ್ ನುಡಿಸುವವರು ಓಡಿಸಬೇಕು, ಅಯ್ಯನವರು ಪಕ್ಕದಲ್ಲಿ ಕೂರಬೇಕು. ಅಯ್ಯನವರೂ ಏನೂ ಕೇಳದೆ ಒಪ್ಪಿಕೊಂಡಿದ್ದರು.

ಕ್ರಿಸ್ಮಸ್‌ಗೆ ಮೂರು ವಾರ ಇತ್ತು, ಇಲ್ಲಿ ಅದು ಬೇಸಿಗೆ. ಪಕ್ಕದ ಊರಿನ ಸಭೆಯಲ್ಲಿ ಊಟಕ್ಕೆ ಕರೆದಿದ್ದರು. ನನಗೆ ರಜೆ ಇದ್ದುದರಿಂದ ಜೊತೆಗೆ ಹೊರಟೆ. ಆರ್ಗನ್ ನುಡಿಸುವವರಿಗೆ ಹಲ್ಲಿನ ಡಾಕ್ಟರ ಹತ್ತಿರ ತಡವಾಗಿತ್ತು, ಹತ್ತು ನಿಮಿಷದಲ್ಲಿ ಬರುತ್ತೇನೆಂದು ಹೇಳಿ ಕಳಿಸಿದ್ದರು. ನಾನು ಸಭಾಂಗಣದಿಂದ ಕೊನೆಯವರನ್ನು ಕೈಹಿಡಿದು ಕರೆತರುವ ಹೊತ್ತಿಗೆ ಅಯ್ಯನವರು ಸ್ಟಿಯರಿಂಗ್ ಹಿಂದೆ ಕೂತು ಎಂಜಿನ್ ಚಾಲೂ ಮಾಡಿಯಾಗಿತ್ತು. ಬಿಸಿಲಿಗೆ ತೋಳು ಮಡಚಿಕೊಂಡು ಖುಷಿಯಾಗಿದ್ದರು. ಹಿಂದೆ ಆರು ಜನ ಬೆಲ್ಟು ಹಾಕಿಕೊಂಡು ಕೂತಿದ್ದರು. ಮಣ್ಣಾದ ರೈತರ ಹೆಂಡತಿಯೂ ಅವರಲ್ಲಿ ಒಬ್ಬರು. ಯಾರೂ ಏನೂ ಹೇಳಲಿಲ್ಲ. ನನ್ನ ಹತ್ತಿರ ಲೈಸೆನ್ಸ್ ಇತ್ತು. ನಾನು ಓಡಿಸುತ್ತೇನೆ ಎಂದರೆ ಸಾಕಿತ್ತು. ಎಡಗಡೆಯ ಬಾಗಿಲು ತೆಗೆದು ಅವರ ಪಕ್ಕದಲ್ಲಿ ಹತ್ತಿ ಕೂತೆ.

ಬೀದಿಯುದ್ದಕ್ಕೂ ಚೆನ್ನಾಗಿಯೇ ಓಡಿಸಿದರು. ಬೀದಿ ಮುಗಿಯುವಲ್ಲಿ ಹಳಿ. ಅಲ್ಲಿ ಗೇಟಿಲ್ಲ, ಗಂಟೆ ಮತ್ತು ಕೆಂಪು ದೀಪ ಅಷ್ಟೇ. ವೇಗ ಕಡಿಮೆ ಮಾಡಿದರು. ವ್ಯಾನು ಹಳಿಯ ಉಬ್ಬು ಹತ್ತಿತು. ಅಲ್ಲಿ ನಿಂತಿತು. ಅವರು ಎಂಜಿನ್ ಆರಿಸಿ, ಕೀಲಿ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು, ನಿಧಾನವಾಗಿ ಹಿಂದಕ್ಕೆ ತಿರುಗಿದರು. ಕೂತವರನ್ನು ಒಮ್ಮೆ ನೋಡಿ ಎರಡು ಕೈಗಳನ್ನೂ ಎತ್ತಿದರು.

"ಕರ್ತನು ನಿಮ್ಮ ಸಂಗಡ ಇರಲಿ," ಎಂದು ಆರಾಧನೆ ಆರಂಭಿಸಿದರು.

ಹಿಂದಿನಿಂದ ಆರು ದನಿಗಳು ಒಟ್ಟಿಗೆ, "ನಿಮ್ಮ ಸಂಗಡಲೂ ಇರಲಿ," ಎಂದವು.

ನಾನು ಇವತ್ತಿಗೂ ಮರೆಯಲಾಗದ್ದು ಆ ಉತ್ತರ. ಅವರಿಗೆ ಎಲ್ಲಿ ನಿಂತಿದ್ದೇವೆಂದು ಗೊತ್ತಿರಲಿಲ್ಲವೆಂದಲ್ಲ. ಎಂಬತ್ತು ವರ್ಷ ಬಾಯಿಗೆ ಅಂಟಿದ ಉತ್ತರ, ಹೆದರಿಕೆಗಿಂತ ಮುಂಚೆ ಬಂದುಬಿಟ್ಟಿತು.

ಆಗ ಗಂಟೆ ಹೊಡೆಯತೊಡಗಿತು. ಕೆಂಪು ದೀಪ ಹತ್ತಿ ಆರಿ ಹತ್ತಿ ಆರಿತು. ಅಯ್ಯನವರು ಗಂಟೆಯ ಕಡೆ ಕಿವಿಗೊಟ್ಟು, ಜನ ಇನ್ನೂ ಬರುತ್ತಿದ್ದಾರೆ ಎನ್ನುವಂತೆ ಕಾದರು. ಹಿಂದೆ ಯಾರೋ ಬಾಗಿಲಿನ ಹಿಡಿಕೆ ಎಳೆಯುತ್ತಿದ್ದರು, ಬಾಗಿಲು ಸರಿಯಲಿಲ್ಲ. ಇಬ್ಬರಿಗೆ ವಾಕರ್ ಇಲ್ಲದೆ ನಿಲ್ಲಲೂ ಆಗದು. ನಾನು ಕೀಲಿ ಕೇಳಿದೆ. ಅವರು ಕೊಡಲಿಲ್ಲ. ಬೆರಳು ಬಿಡಿಸಲು ನೋಡಿದೆ. ಮುಷ್ಟಿ ಇನ್ನೂ ಬಿಗಿಯಾಯಿತು, ಮುಖದಲ್ಲಿ ಅಸಮಾಧಾನ ಮೂಡಿತು. ಆರಾಧನೆಯ ನಡುವೆ ಹೀಗೆ ಮಾಡುವುದೇ ಎಂಬಂತೆ.

ಎಡಗಡೆ ದೂರದಲ್ಲಿ, ತಿರುವಿನಲ್ಲಿ, ಎಂಜಿನಿನ ದೀಪ ಕಾಣಿಸಿತು.

ನಾನು ತಲೆ ಬಗ್ಗಿಸಿ ಅವರ ಕಿವಿಯ ಹತ್ತಿರ ಹೋದೆ. ಭಾನುವಾರ ಮಾಡುತ್ತಿದ್ದಂತೆಯೇ, ಆರಾಧನೆಯ ಕೊನೆಯ ವಾಕ್ಯದ ಮೊದಲ ಶಬ್ದ ಪಿಸುಗುಟ್ಟಿದೆ. ಅವರ ಮುಖ ಸಡಿಲವಾಯಿತು.

"ಸಮಾಧಾನದಿಂದ ಹೋಗಿರಿ," ಎಂದು ಪೂರ್ತಿಗೊಳಿಸಿ, ಮುಗಿಯಿತೆನ್ನುವಂತೆ ನನ್ನ ಕಡೆ ತಿರುಗಿ, ಕೀಲಿಯನ್ನು ನನ್ನ ಅಂಗೈಯಲ್ಲಿ ಇಟ್ಟರು.

ಅವರ ಎದೆಯ ಮೇಲಿಂದ ಕೈ ಚಾಚಿ ಕೀಲಿ ಹಾಕಿ ತಿರುವಿದೆ. ಗೇರ್ ಒಂದರಲ್ಲೇ ಇತ್ತು. ಬೆಟಗೇರಿಯಲ್ಲಿ ಆಂಬುಲೆನ್ಸ್ ಕೆಟ್ಟು ನಿಂತರೆ ಡ್ರೈವರು ಹೀಗೆ ಗೇರಿನಲ್ಲೇ ಕೀಲಿ ತಿರುವಿ ಅದನ್ನು ಕುಪ್ಪಳಿಸಿಕೊಂಡು ಬದಿಗೆ ಸರಿಸುತ್ತಿದ್ದುದು ಯಾವಾಗಲೋ ನೋಡಿದ್ದೆ. ವ್ಯಾನು ಒಮ್ಮೆ ಮುಂದಕ್ಕೆ ಜಿಗಿಯಿತು. ಮತ್ತೆ ತಿರುವಿದೆ, ಮತ್ತೆ ಜಿಗಿಯಿತು. ಮೂರನೆಯದೋ ನಾಲ್ಕನೆಯದೋ ಸಲ ಹಿಂದಿನ ಚಕ್ರಗಳು ಉಬ್ಬು ಇಳಿದವು. ಹ್ಯಾಂಡ್‌ಬ್ರೇಕ್ ಎಳೆದೆ.

ಗೂಡ್ಸ್ ಗಾಡಿ ನಮ್ಮ ಬೆನ್ನ ಹಿಂದೆ ಹಾದುಹೋಯಿತು. ಮರದ ದಿಮ್ಮಿ ತುಂಬಿದ ಡಬ್ಬಿಗಳು, ಒಂದಾದ ಮೇಲೊಂದು. ಗಾಜುಗಳು ಗಡಗಡ ಅದುರಿದವು. ಆ ಸದ್ದಿಗೆ ಅಯ್ಯನವರು ಎಚ್ಚರಾದಂತೆ ಸುತ್ತ ನೋಡಿದರು. ನನ್ನ ಮುಖ, ಹಿಂದಿನವರ ಮುಖ, ಕನ್ನಡಿಯಲ್ಲಿ ಹಾಯುತ್ತಿದ್ದ ಡಬ್ಬಿಗಳು.

"ನಾನೇನು ಮಾಡಿದೆ?" ಎಂದು ಕೇಳಿದರು.

ಹಿಂದಿನಿಂದ ಆ ವಿಧವೆ ಹೆಂಗಸು, ಏನೂ ಇಲ್ಲ, ಗಾಡಿ ಸ್ವಲ್ಪ ತೊಂದರೆ ಕೊಟ್ಟಿತು, ಊಟಕ್ಕೆ ತಡವಾಗುತ್ತದೆ ಎಂದರು. ಉಳಿದವರೂ ಹೌದು ಹೌದು ಎಂದರು. ನಾನು ಸುತ್ತಿ ಬಂದು ಅವರನ್ನು ಎಡಕ್ಕೆ ಕೂರಿಸಿ ವ್ಯಾನು ಓಡಿಸಿದೆ. ದಾರಿಯಲ್ಲಿ ಹಿಂದಿನವರು ತಮ್ಮಲ್ಲೇ ಮಾತಾಡಿಕೊಂಡರು. ಯಾರಿಗೂ ಹೇಳುವುದು ಬೇಡ, ಇನ್ನು ಮುಂದೆ ಕೀಲಿಯನ್ನು ಬೇರೆ ಕಡೆ ಇಟ್ಟರಾಯಿತು. ನೀನೂ ಹೇಳಬೇಡ ಎಂದು ಹಿಂದಿನಿಂದ ಯಾರೋ ನನ್ನ ಹೆಗಲ ಮೇಲೆ ಕೈಯಿಟ್ಟರು. ಊಟಕ್ಕೆ ಹೋದೆವು. ಎಲ್ಲರೂ ಊಟ ಮಾಡಿದರು. ನಾನು ತಟ್ಟೆಯಲ್ಲಿದ್ದ ಹ್ಯಾಮ್ ತುಂಡನ್ನು ಸಣ್ಣ ಸಣ್ಣಗೆ ಕತ್ತರಿಸುತ್ತ ಕೂತಿದ್ದೆ.

ಅವರನ್ನೆಲ್ಲ ಮನೆ ಮನೆಗೆ ಇಳಿಸಿ, ಅಯ್ಯನವರನ್ನು ಅವರ ಮನೆಯ ಕುರ್ಚಿಯಲ್ಲಿ ಕೂರಿಸಿ, ಹಿತ್ತಲಿಗೆ ಹೋದೆ. ಅವರ ಹೆಂಡತಿ ತಂತಿಯಿಂದ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ನಡೆದದ್ದನ್ನು ಹೇಳಿದೆ. ಅವರು ಒಂದು ಅಂಗಿಯನ್ನು ಎದೆಗೊತ್ತಿಕೊಂಡು ಕೇಳಿದರು. ಆಶ್ಚರ್ಯಪಡಲಿಲ್ಲ. ಹೋದ ವರ್ಷದಿಂದ ಭಾನುವಾರದ ಉಪದೇಶಗಳನ್ನು ತಾನೇ ಹಳೆಯ ಕಡತಗಳಿಂದ ತೆಗೆದು ಟೈಪ್ ಮಾಡಿಕೊಡುತ್ತಿರುವುದಾಗಿ ಹೇಳಿದರು.

"ಚಳಿಗಾಲದಲ್ಲೇ ನಿಮಗೆ ಗೊತ್ತಾಗಿತ್ತು. ನೀವು ಅವರನ್ನು ನೋಡುವುದನ್ನು ನಾನು ನೋಡಿದ್ದೆ. ನೀವು ಹೇಳುತ್ತೀರೆಂದು ಕಾಯುತ್ತಿದ್ದೆ."

ಅಂಗಿಯನ್ನು ಮಡಚಿ ಬುಟ್ಟಿಗೆ ಹಾಕಿದರು.

"ನಾನು ಹೆಂಡತಿ. ನಾನು ಹೇಳಿದರೆ ಅದು ದ್ರೋಹ. ನೀವು ನರ್ಸ್. ನೀವು ಹೇಳಿದ್ದರೆ ಅದು ನಿಮ್ಮ ಕೆಲಸ ಆಗುತ್ತಿತ್ತು."

ಬುಟ್ಟಿಯನ್ನು ಹುಲ್ಲಿನ ಮೇಲೆ ಇಟ್ಟು ಒಳಗೆ ಹೋಗಿ ಫೋನ್ ತಂದು ನನ್ನ ಕೈಗೆ ಕೊಟ್ಟರು. ಬಿಷಪ್ಪರ ಕಚೇರಿಯ ನಂಬರನ್ನು ಅವರೇ ಒತ್ತಿದ್ದರು. ಆ ಕಡೆಯಿಂದ ಹಲೋ ಎಂದಾಗ ನಾನು ನನ್ನ ಹೆಸರು ಹೇಳಿ, ಕೆಲಸ ಹೇಳಿ, ಚಳಿಗಾಲದಿಂದ ನೋಡಿದ್ದನ್ನು ಒಂದೊಂದಾಗಿ ಹೇಳಿದೆ. ಅವರು ತಂತಿಯ ಕೆಳಗೆ ನಿಂತು ಪೂರ್ತಿ ಕೇಳಿಸಿಕೊಂಡರು.

ಆ ಭಾನುವಾರ ಬೇರೆ ಪಾದ್ರಿ ಬಂದರು. ಅಯ್ಯನವರಿಗೆ ಆರೋಗ್ಯವಿಲ್ಲ ಎಂದಷ್ಟೇ ಹೇಳಿದರು. ಯಾರು ಹೇಳಿದ್ದೆಂದು ಸಣ್ಣ ಪೇಟೆಗೆ ಗೊತ್ತಾಗಲು ಎರಡು ದಿನ ಬೇಕಾಗಲಿಲ್ಲ. ಕ್ರಿಸ್ಮಸ್ ಮುಗಿದ ಮೇಲೆ ಬಂದ ಪಟ್ಟಿಯಲ್ಲಿ ಪಾತ್ರೆ ಹಿಡಿಯುವವರ ಸಾಲಿನಲ್ಲಿ ನನ್ನ ಹೆಸರಿರಲಿಲ್ಲ. ಚಹಾದ ಹೊತ್ತಿಗೆ ನಾನು ಹೋಗಿ ನಿಂತ ಗುಂಪು ಎರಡು ನಿಮಿಷದಲ್ಲಿ ಚದುರುತ್ತಿತ್ತು. ಹಿರಿಯರು ಮಾತ್ರ ನೇರವಾಗಿ ಬಂದು, ಇನ್ನೊಂದು ವರ್ಷ ನಾವು ನೋಡಿಕೊಳ್ಳುತ್ತಿದ್ದೆವು, ಅವರು ಗೌರವದಿಂದ ನಿವೃತ್ತರಾಗುತ್ತಿದ್ದರು ಎಂದರು. ವ್ಯಾನಿನಲ್ಲಿ ನೀವಿರಲಿಲ್ಲ ಎಂದೆ. ಯಾವ ವ್ಯಾನು ಎಂದು ಕೇಳಿದರು. ಆ ಆರು ಜನ ಅವರಿಗೂ ಹೇಳಿರಲಿಲ್ಲ. ನಾನೂ ಅಲ್ಲಿ ವಿವರಿಸಲಿಲ್ಲ. ಗಂಡ, ಬ್ಯಾರೆ ಸಭೆಗೆ ಹೋಗೋಣಲ್ಲ ಎಂದರು. ಇನ್ನೂ ಹೋಗಿಲ್ಲ.

ಈ ವರ್ಷ ಅಯ್ಯನವರು ನಮ್ಮ ರೆಸ್ಟ್ ಹೋಮಿಗೇ ಬಂದರು, ಬೀಗದ ನಂಬರು ಒತ್ತಿ ಒಳಗೆ ಹೋಗಬೇಕಾದ, ಮರೆವಿನ ಕಾಯಿಲೆಯವರ ವಿಭಾಗಕ್ಕೆ. ಪೇಟೆಯಲ್ಲಿ ಇರುವುದು ಅದೊಂದೇ. ಬಂದ ಮೂರನೆಯ ದಿನ ಮಾತ್ರೆ ಕೊಡಲು ಹೋದಾಗ ನನ್ನನ್ನು ನಿಲ್ಲಿಸಿ, ತಮ್ಮನ್ನು ತಮ್ಮ ದೇವಾಲಯದಿಂದ ಹೊರಗೆ ಕಳಿಸಿದವರು ಯಾರು ಎಂದು ಕೇಳಿದರು. ಹೆಸರುಗಳೆಲ್ಲ ಹೋಗಿವೆ, ಯಾರೋ ಕಳಿಸಿದರೆಂಬುದು ಮಾತ್ರ ಉಳಿದಿದೆ. ಇಂಥ ಪ್ರಶ್ನೆಗೆ ನೇರ ಉತ್ತರ ಕೊಡಬಾರದು, ಮಾತು ಬೇರೆ ಕಡೆ ತಿರುಗಿಸಬೇಕು ಎಂದು ನಮಗೆ ಕಲಿಸಿದ್ದಾರೆ. ಮೊದಲ ವಾರ ಹಾಗೆಯೇ ಮಾಡಿದೆ. ಹೊರಗೆ ಬಿಸಿಲಿದೆ ಎಂದೆ, ಊಟಕ್ಕೆ ಏನಿದೆ ಎಂದು ಹೇಳಿದೆ. ಅವರು ದಿನಾ ಮತ್ತೆ ಕೇಳುತ್ತಲೇ ಇದ್ದರು. ಇನ್ನೂ ಒಂದು ಸಲ ಮುಚ್ಚಿಡಲು ನನ್ನಿಂದ ಆಗಲಿಲ್ಲ. ಅವರ ಮುಂದೆ ಕುರ್ಚಿ ಎಳೆದುಕೊಂಡು ಕೂತು, ನಾನೇ ಎಂದೆ.

ಆ ದಿನ ಅವರು ನನ್ನ ಕೈ ತಟ್ಟಿ, ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳಿದರು. ಇಲ್ಲ ಎಂದೆ. ಒಳ್ಳೆಯದು ಮಾಡಿದಿರಿ ಎಂದರು. ಮರುದಿನ ಅದೇ ಪ್ರಶ್ನೆ, ಅದೇ ಉತ್ತರ. ಆದರೆ ಅಂದು ನನ್ನ ಮುಖವನ್ನು ಬಹಳ ಹೊತ್ತು ನೋಡಿ, ಮಾತ್ರೆಯನ್ನು ತೆಗೆದುಕೊಳ್ಳದೆ ಗೋಡೆಯ ಕಡೆ ತಿರುಗಿಕೊಂಡರು. ಆಮೇಲಿನಿಂದ ಹೀಗೆಯೇ ನಡೆಯುತ್ತಿದೆ. ಕೆಲವು ದಿನ ಕ್ಷಮಿಸುತ್ತಾರೆ, ಕೆಲವು ದಿನ ಇಲ್ಲ. ಯಾವುದೂ ಅವರ ನೆನಪಿನಲ್ಲಿ ಸಂಜೆಯ ತನಕ ಉಳಿಯುವುದಿಲ್ಲ. ನಾಳೆ ನನ್ನ ಪಾಳಿ ಬೆಳಗ್ಗೆ ಏಳಕ್ಕೆ.